ಮೊದಲ ಲೋಟ

ಕೂತುಕೊಳ್ಳಿ, ಎಲ್ಲರೂ ಕೂತುಕೊಳ್ಳಿ. ಹಿಂದೆ ಬಾಗಿಲಲ್ಲಿ ನಿಂತವರೂ ಬನ್ನಿ, ಮುಂದಿನ ಬೆಂಚು ಯಾರನ್ನೂ ಕಚ್ಚುವುದಿಲ್ಲ. ಹೊರಗೆ ಮೈದಾನದಲ್ಲಿ ಮೇಜು ಎಳೆಯುವ ಸದ್ದು ನಿಮಗೂ ಕೇಳುತ್ತಿದೆ, ನನಗೂ ಕೇಳುತ್ತಿದೆ. ಒಗ್ಗರಣೆಯ ಪರಿಮಳ ಬಲಿಪೀಠದವರೆಗೂ ಬಂದಿದೆ. ಪೂಜೆ ಮುಗಿದ ಮೇಲೆ ತಿನ್ನುವುದು, ಕುಡಿಯುವುದು, ರುಚಿ ನೋಡುವುದು ಎಲ್ಲ ಇದ್ದೇ ಇದೆ. ಮುದುಕಿಯರ ಆಶ್ರಮಕ್ಕೆ, ಕಿವಿ ಕೇಳದ ಮಕ್ಕಳ ಶಾಲೆಗೆ ಸಹಾಯವಾಗಲಿ ಅಂತ ನೀವೆಲ್ಲ ಒಂದು ತಿಂಗಳಿಂದ ದುಡಿದಿದ್ದೀರಿ. ಒಳ್ಳೆಯದು, ಬಹಳ ಒಳ್ಳೆಯದು.

ಆದರೆ ಈ ತಿಂಗಳು ನನ್ನ ಆಫೀಸಿನ ಬಾಗಿಲಿಗೆ ಎಂಥೆಂಥ ದೂರು ಬಂತು ಗೊತ್ತೇ? "ಫಾದರ್, ನನ್ನ ಮೇಜು ಮಾವಿನ ಮರದ ಕೆಳಗೇ ಆಗ್ಬೇಕು." "ಫಾದರ್, ಅವಳ ಪಕ್ಕದಲ್ಲಿ ಮಾತ್ರ ನನ್ನನ್ನು ಹಾಕ್ಬೇಡಿ." "ಫಾದರ್, ಹೋದ ವರ್ಷ ಅವರ ಹೆಸರು ಮೈಕಿನಲ್ಲಿ ಎರಡು ಸಲ ಕೂಗಿದ್ರಿ, ನಂದು ಒಂದೇ ಸಲ." ನಗುತ್ತೀರಿ! ನಗಿ, ನಗಿ. ಹೇಳಿದವರೂ ಇಲ್ಲೇ ಕೂತಿದ್ದಾರೆ, ಅವರೂ ನಿಮ್ಮ ಜೊತೆ ನಗುತ್ತಿದ್ದಾರೆ. "ಫಾದರ್, ಆಶ್ರಮದ ಮುದುಕಿಯರು ಹೇಗಿದ್ದಾರೆ?" ಅಂತ ಕೇಳಲು ಬಂದವರು ಮಾತ್ರ ಒಬ್ಬರೂ ಇಲ್ಲ. ಅದಕ್ಕೇ ನಾನು ಬರೆದು ತಂದಿದ್ದ ಪ್ರವಚನವನ್ನು ಮಡಚಿ ಜೇಬಿಗೆ ಹಾಕಿದ್ದೇನೆ. ಇವತ್ತು ಒಂದು ಕಥೆ ಹೇಳುತ್ತೇನೆ, ಕೇಳಿ.

ಘಟ್ಟದ ಕೆಳಗೆ ಒಂದೂರು, ಆ ಊರಲ್ಲಿ ಒಬ್ಬಳು ಶ್ರೀಮಂತೆ. ಹೆಸರಿಡುವುದು ಬೇಡ ಅಂದುಕೊಂಡಿದ್ದೆ. ಆದರೆ ನಿಮ್ಮನ್ನು ನಾನು ಬಲ್ಲೆ. ನಾನು ಹೆಸರಿಡದಿದ್ದರೆ ನೀವು ನಿಮಗಾಗದವರ ಹೆಸರಿಟ್ಟುಕೊಂಡು ಕೇಳುತ್ತೀರಿ. ಆದ್ದರಿಂದ ಅಪೊಲಿನ್ ಬಾಯಮ್ಮ ಅನ್ನೋಣ. ನಮ್ಮ ಧರ್ಮಕೇಂದ್ರದಲ್ಲಿ ಆ ಹೆಸರಿನವರು ಯಾರೂ ಇಲ್ಲ, ವಿಚಾರಿಸಿಯೇ ಬಂದಿದ್ದೇನೆ.

ಈ ಅಪೊಲಿನ್ ಬಾಯಮ್ಮನಿಗೆ ಏನು ಕಡಿಮೆ? ಹೆಂಚಿನ ವ್ಯಾಪಾರದ ಮನೆತನ, ದೊಡ್ಡ ಮನೆ, ದೊಡ್ಡ ಅಂಗಳ. ಗಂಡ ಪಾಸ್ಕಲ್ ಪೊರ್ಬುಗಳು ಸಾಧು ಮನುಷ್ಯ. ಹೊಟ್ಟೆ ತುಂಬಿದರೆ ಯಾರ ಜೊತೆಗೂ ಜಗಳವಿಲ್ಲದವರು. ಮಕ್ಕಳಿರಲಿಲ್ಲ. ಬಾಯಮ್ಮನಿಗೆ ಒಡಹುಟ್ಟಿದವರೂ ಇರಲಿಲ್ಲ. ಇದ್ದದ್ದು ಒಂದೇ ಹೆಮ್ಮೆ, ಅವಳ ಕೈಯ ವೈನ್. ದ್ರಾಕ್ಷಿಯದ್ದು ಮಾಡುತ್ತಿದ್ದಳು, ಜಂಬುನೇರಳೆಯದ್ದು ಮಾಡುತ್ತಿದ್ದಳು, ಕೆಮ್ಮು ಬಂದವರಿಗೆ ಶುಂಠಿಯದ್ದೂ ಮಾಡುತ್ತಿದ್ದಳು. ಅವಳ ಅಟ್ಟದ ಮೇಲೆ ಭರಣಿಗಳ ಸಾಲೇ ಇತ್ತು.

ಆ ಊರಲ್ಲೂ ನಮ್ಮಲ್ಲಿಯ ಹಾಗೆ ವರ್ಷಕ್ಕೊಂದು ರುಚಿ ಮೇಳ. ಮನೆಮನೆಯವರು ತಿಂಡಿ, ಸಾರು, ವೈನ್ ತಂದು ಮೇಜಿನ ಮೇಲಿಡುವುದು. ಊರವರು, ಯಾವ ಜಾತಿ ಯಾವ ಧರ್ಮದವರಾದರೂ ಸರಿ, ಕೂಪನ್ ಕೊಂಡು ರುಚಿ ನೋಡುವುದು. ಬಂದದ್ದೆಲ್ಲ ಊರಿನ ಆಶ್ರಮಕ್ಕೆ, ಶಾಲೆಗೆ, ಹಾಸಿಗೆ ಹಿಡಿದವರ ಔಷಧಿಗೆ. ಅಲ್ಲೊಂದು ಪದ್ಧತಿ. ಮೇಳದ ಮುನ್ನಾದಿನ ಪೆರ್ಪೆತ್ ಅಜ್ಜಿ ಅಂತ ಒಬ್ಬಳು, ಊರಿನ ವೈನ್ ಮಾಡುವವರಲ್ಲೆಲ್ಲ ಹಿರಿಯಳು, ಎಲ್ಲ ಮನೆಯ ವೈನನ್ನೂ ಒಂದೊಂದು ಚಮಚ ನಾಲಿಗೆಗೆ ಬಿಟ್ಟುಕೊಂಡು ನೋಡುತ್ತಿದ್ದಳು. ನೋಡಿ, ಒಂದು ಬಾಟಲಿಯ ಮೇಲೆ ಕೈಯಿಟ್ಟು "ಇದು" ಅನ್ನುತ್ತಿದ್ದಳು. ಮರುದಿನ ಆ ವೈನಿನ ಮೊದಲ ಲೋಟವನ್ನು ಅಲ್ಲಿನ ವಿಗಾರ್ ಫಾದರ್ ಎಲ್ಲರೆದುರು ಎತ್ತಿ ಕುಡಿದ ಮೇಲೆಯೇ ಮೇಳ ಶುರು.

ಮೊದಲ ಲೋಟ ಅಂದರೆ ಅಷ್ಟೇ ಸಂಗತಿ, ಒಂದು ಲೋಟ. ಬಹುಮಾನವಿಲ್ಲ, ಶಾಲಿಲ್ಲ, ಹಾರವಿಲ್ಲ. ಆದರೆ ವರ್ಷಗಟ್ಟಲೆ ಅದು ಅಪೊಲಿನ್ ಬಾಯಮ್ಮನ ಭರಣಿಯದ್ದೇ ಆಗಿತ್ತು. ಫಾದರ್ ಲೋಟ ಎತ್ತುವಾಗ ಅವಳು ಹೊಸ ಸೀರೆಯ ಸೆರಗು ಸರಿಮಾಡಿಕೊಂಡು, ಏನೂ ಗೊತ್ತಿಲ್ಲದವಳ ಹಾಗೆ ಬೇರೆ ಕಡೆ ನೋಡುತ್ತಾ ನಿಲ್ಲುತ್ತಿದ್ದಳು. ಆ ಒಂದು ಗಳಿಗೆಗಾಗಿಯೇ ಅವಳು ಇಡೀ ವರ್ಷ ಬದುಕುತ್ತಿದ್ದಳು ಅಂದರೆ ತಪ್ಪಿಲ್ಲ.

ಒಂದು ವರ್ಷ ಅವರ ಮನೆಯ ಹಿಂದಿನ ಬಿಡಾರಕ್ಕೆ ಬಾಡಿಗೆಗೆ ಒಂದು ಸಂಸಾರ ಬಂತು. ಗಂಡ ಕರೆಂಟಿನ ಲೈನ್‌ಮ್ಯಾನ್. ಹೆಂಡತಿಯ ಹೆಸರು ಸೆಲಿನ್. ಕೊಡಗಿನ ಕಡೆಯ ಹುಡುಗಿ, ಕೊಂಕಣಿ ಬಾರದು, ಊರಲ್ಲಿ ಯಾರ ಪರಿಚಯವೂ ಇಲ್ಲ. ಬಂದ ದಿನವೇ ಹಿತ್ತಲ ಬಾಗಿಲಿಗೆ ಬಂದು, "ಅಕ್ಕಾ, ಒಂದ್ ಸೌಟು ಮಜ್ಜಿಗೆ ಸಿಗತ್ತಾ?" ಅಂದಳು.

ನೋಡಿ, ಊರೆಲ್ಲ ಅವಳನ್ನು ಬಾಯಮ್ಮ, ಬಾಯಮ್ಮ ಅನ್ನುತ್ತಿತ್ತು. ಅಕ್ಕ ಅಂದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಬಾಯಮ್ಮ ಮಜ್ಜಿಗೆಯ ಜೊತೆ ಉಪ್ಪಿನಕಾಯಿಯನ್ನೂ ಕೊಟ್ಟಳು, ಕೂರಿಸಿ ಕಾಫಿಯನ್ನೂ ಕೊಟ್ಟಳು. ತಿಂಗಳು ತುಂಬುವುದರೊಳಗೆ ಆ ಎರಡು ಅಡುಗೆಮನೆಗಳ ನಡುವೆ ಬಟ್ಟಲುಗಳು ಓಡಾಡತೊಡಗಿದವು. ಸೆಲಿನ್ ತಲೆ ನೋವು ಅಂದರೆ ಬಾಯಮ್ಮ ಕಷಾಯ ಹಿಡಿದು ಹೋಗುವಳು. ಬಾಯಮ್ಮನ ಸೊಂಟ ಹಿಡಿದರೆ ಸೆಲಿನ್ ಎಣ್ಣೆ ತಿಕ್ಕುವಳು. ಅಂಗಳದಲ್ಲಿ ಇಬ್ಬರೂ ಕೂತು ಮೀನು ಹೆಚ್ಚುವಾಗ ನಗುವ ಸದ್ದು ರಸ್ತೆಗೆ ಕೇಳುತ್ತಿತ್ತು. ಪೊರ್ಬುಗಳು ಒಂದು ದಿನ, "ಅಪೊಲಿನ್, ನೀನು ಹೀಗೆ ನಗುದು ನಾನು ಮದುವೆಯಾದ ಮೇಲೆ ಇದೇ ಮೊದಲು ನೋಡುದು," ಅಂದರು.

ದ್ರಾಕ್ಷಿಯ ಕಾಲ ಬಂತು. ಸೆಲಿನ್ ಕೇಳಿದಳು, "ಅಕ್ಕಾ, ನಂಗೂ ವೈನ್ ಮಾಡೋದು ಹೇಳ್ಕೊಡ್ತೀರಾ? ಮೇಳಕ್ಕೆ ನಾನೂ ಒಂದ್ ಮೇಜು ಇಡ್ತೀನಿ. ಆ ಆಶ್ರಮದ ಅಜ್ಜಿಗಳನ್ನ ನೋಡಿದ್ರೆ ನಮ್ಮವ್ವನ ನೆನಪಾಗತ್ತೆ."

"ಅದಕ್ಕೆಂತ, ಬಾ ಮಾರಾಯ್ತಿ," ಅಂದಳು ಬಾಯಮ್ಮ. ಮನಸ್ಸಿಟ್ಟೇ ಹೇಳಿಕೊಟ್ಟಳು. ಎಂಥ ಹಣ್ಣು ಆರಿಸಬೇಕು, ಕೈಯಿಂದಲೇ ಯಾಕೆ ಕಿವುಚಬೇಕು, ಸಕ್ಕರೆ ಎಷ್ಟು, ಒಂದು ಹಿಡಿ ಗೋಧಿ ಯಾಕೆ, ಲವಂಗ ಚಕ್ಕೆ ಯಾವಾಗ. ಭರಣಿಯ ಬಾಯಿಗೆ ತೆಳ್ಳಗಿನ ಬಟ್ಟೆ ಕಟ್ಟಬೇಕು, ದಿನಾ ಮರದ ಸೌಟಿನಲ್ಲಿ ತಿರುವಬೇಕು. ಎಲ್ಲವನ್ನೂ ಹೇಳಿಕೊಟ್ಟಳು, ತನ್ನ ಒಂದು ಹಳೆಯ ಭರಣಿಯನ್ನೂ ಕೊಟ್ಟಳು. ಇಲ್ಲಿಯವರೆಗೆ ಅಪೊಲಿನ್ ಬಾಯಮ್ಮ ನಮ್ಮ ನಿಮ್ಮಂಥ ಒಳ್ಳೆಯ ಕ್ರೈಸ್ತಳು.

ಆಮೇಲೆ ಒಂದು ಮಧ್ಯಾಹ್ನ ಪೆರ್ಪೆತ್ ಅಜ್ಜಿ ಕೋಲೂರಿಕೊಂಡು ಬಂದಳು. ಬಾಯಮ್ಮನ ಭರಣಿ ನೋಡಿದಳು, ತಲೆ ಆಡಿಸಿದಳು. ಅಲ್ಲೇ ನಿಂತಿದ್ದ ಸೆಲಿನ್ ಸಂಕೋಚದಿಂದ, "ಅಜ್ಜಿ, ನಂದೂ ಒಂಚೂರು ನೋಡ್ತೀರಾ?" ಅಂದಳು. ಅಜ್ಜಿ ಬಿಡಾರಕ್ಕೆ ಹೋದಳು. ಇನ್ನೂ ಸೋಸದ, ಬುರುಬುರು ಅನ್ನುತ್ತಿದ್ದ ರಸವನ್ನು ಒಂದು ಚಮಚ ಬಾಯಿಗೆ ಬಿಟ್ಟುಕೊಂಡಳು. ಕಣ್ಣು ಮುಚ್ಚಿದಳು. ಇನ್ನೊಂದು ಚಮಚ ಕೇಳಿದಳು.

"ಅಪೊಲಿನ್," ಅಂದಳು ಅಜ್ಜಿ, "ಈ ಕೂಸಿನ ಕೈಗೆ ವೈನ್ ಒಲಿದಿದೆ ಮಾರಾಯ್ತಿ. ಸರಿಯಾಗಿ ಮುಗಿಸಿದ್ರೆ ಈ ವರ್ಷದ ಮೊದಲ ಲೋಟ ಇವಳದ್ದೇ. ಒಳ್ಳೆ ಗುರು ನೀನು!"

ಅಜ್ಜಿ ಹೊಗಳಿದ್ದು ಯಾರನ್ನು? ಇಬ್ಬರನ್ನೂ! ಆದರೆ ಬಾಯಮ್ಮನ ಕಿವಿಗೆ ಬಿದ್ದದ್ದು ಯಾವುದು? "ಇವಳದ್ದೇ." ಅದೊಂದೇ ಮಾತು. ಸೆಲಿನ್ ಖುಷಿಯಿಂದ ಬಾಯಮ್ಮನ ಕೈ ಹಿಡಿದುಕೊಂಡಳು. ಬಾಯಮ್ಮ ನಕ್ಕಳು. ಬಾಯಲ್ಲಿ ಬೆಲ್ಲ, ಹೊಟ್ಟೆಯೊಳಗೆ ಕೆಂಡ.

ಅವತ್ತಿನಿಂದ ಅವಳಿಗೆ ಅನ್ನ ರುಚಿಸಲಿಲ್ಲ. ಅಡುಗೆಮನೆಯ ಕಿಟಕಿಯಿಂದ ಬಿಡಾರ ಕಾಣುತ್ತಿತ್ತು, ಅಲ್ಲೇ ನಿಂತು ನೋಡುವಳು. ಸೆಲಿನ್ ಹಾಡುತ್ತಾ ಪಾತ್ರೆ ತೊಳೆದರೆ ಇವಳು ಕೈಯಲ್ಲಿದ್ದ ಪಾತ್ರೆಯನ್ನು ಕುಕ್ಕಿ ಇಡುವಳು. ನಿನ್ನೆ ಮೊನ್ನೆ ಬಂದವಳು! ವೈನ್ ಅಂದರೆ ಏನು ಅಂತ ಗೊತ್ತಿರಲಿಲ್ಲ, ನನ್ನ ಭರಣಿ, ನನ್ನ ಸೌಟು, ನನ್ನ ವಿದ್ಯೆ, ಮೊದಲ ಲೋಟ ಮಾತ್ರ ಅವಳದ್ದೋ? ಊಟಕ್ಕೆ ಕೂತಾಗ ಪೊರ್ಬುಗಳು, ಪಾಪ, ಸೆಲಿನ್ ಕಳಿಸಿದ್ದ ಪಲ್ಯವನ್ನು ಎರಡನೆಯ ಸಲ ಹಾಕಿಸಿಕೊಂಡು, "ಎಷ್ಟು ಚಂದ ಮಾಡ್ತಾಳೆ ಅಲ್ವಾ?" ಅಂದರು. ಬಾಯಮ್ಮ ಪಲ್ಯದ ಬಟ್ಟಲನ್ನು ಎತ್ತಿ ಒಳಗಿಟ್ಟಳು. "ವಯಸ್ಸಾಯ್ತು, ಕಮ್ಮಿ ತಿನ್ನಿ," ಅಂದಳು. ಪೊರ್ಬುಗಳಿಗೆ ಏನಾಯಿತೆಂದೇ ತಿಳಿಯಲಿಲ್ಲ.

ನಿಮಗೆ ಆಗಿಲ್ಲವೇ ಹೀಗೆ? ನೆರೆಮನೆಯವರು ಹೊಸ ಗೇಟು ಹಾಕಿಸಿದಾಗ ಆಗಿಲ್ಲವೇ? ನಾದಿನಿಯ ಮಗಳಿಗೆ ರ‍್ಯಾಂಕ್ ಬಂತು ಅಂದಾಗ, "ದೇವರು ದೊಡ್ಡವನು" ಅಂತ ಬಾಯಲ್ಲಿ ಹೇಳುತ್ತಾ ಒಳಗೆ ಏನೋ ಚುರ್ ಅಂದಿಲ್ಲವೇ? ಬಾಯಮ್ಮನನ್ನು ಬೈಯುವ ಮೊದಲು ಸ್ವಲ್ಪ ತಡೆಯಿರಿ.

ಕೆಲವು ದಿನ ಕಳೆದ ಮೇಲೆ ಸೆಲಿನ್ ಬಂದಳು. "ಅಕ್ಕಾ, ಸೋಸಿದ್ದಾಯ್ತು. ಮುಂದೇನ್ ಮಾಡ್ಬೇಕು? ಮುಚ್ಚಿಡ್ಬೇಕಾ?"

ಈಗ ನೋಡಿ, ಇಲ್ಲಿರುವ ಹೆಂಗಸರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ಗಂಡಸರಿಗಾಗಿ ಹೇಳುತ್ತೇನೆ, ನಿಮಗೆ ಕುಡಿಯಲು ಮಾತ್ರ ಬರುತ್ತದೆ. ರಸ ಹುದುಗುವಾಗ ಭರಣಿಗೆ ಬಟ್ಟೆ ಸಾಕು. ಆದರೆ ಸೋಸಿದ ಮೇಲೆ ಹಾಗಲ್ಲ. ಬಾಟಲಿಯ ಕುತ್ತಿಗೆಯವರೆಗೆ ತುಂಬಿ, ಬಿರಟೆ ಬಿಗಿದು, ತಂಪಾದ ಕತ್ತಲೆ ಜಾಗದಲ್ಲಿಡಬೇಕು. ಗಾಳಿ ತಾಗಿದರೆ, ಬಿಸಿ ತಾಗಿದರೆ ಮುಗಿಯಿತು, ವೈನ್ ಹೋಗಿ ಹುಳಿನೀರಾಗುತ್ತದೆ. ವೈನ್ ಮಾಡುವ ಮನೆಯ ಚಿಕ್ಕ ಹುಡುಗಿಗೂ ಇದು ಗೊತ್ತು. ಕೊಡಗಿನಿಂದ ಬಂದ ಈ ಹೆಣ್ಣಿಗೆ ಗೊತ್ತಿರಲಿಲ್ಲ.

ಬಾಯಮ್ಮ ಒಲೆಯ ಮುಂದೆ ನಿಂತಿದ್ದಳು. ತಿರುಗಿ ನೋಡಲಿಲ್ಲ. "ಮುಚ್ಚುದು ಬೇಡ," ಅಂದಳು. "ಬಟ್ಟೆ ಮಾತ್ರ ಕಟ್ಟಿ ಒಲೆ ಪಕ್ಕ ಬೆಚ್ಚಗೆ ಇಡು. ಗಾಳಿ ಆಡ್ಬೇಕು ಅದಕ್ಕೆ."

"ಅಷ್ಟೇನಾ?"

"ಅಷ್ಟೇ."

ಸೆಲಿನ್ ಹಾಗೇ ಮಾಡಿದಳು. ದಿನಾ ಬೆಳಿಗ್ಗೆ ಶಿಲುಬೆಯ ಗುರುತು ಹಾಕಿ ಆ ಭರಣಿಯನ್ನು ಮುಟ್ಟಿ ನೋಡುವಳಂತೆ. ಬಾಯಮ್ಮ ಕಿಟಕಿಯಿಂದ ಅದನ್ನೂ ನೋಡಿದಳು. ಈಗಲೇ ಹೋಗಿ ಹೇಳಿಬಿಡಲೇ ಅಂತ ಒಮ್ಮೆ ಅನ್ನಿಸಿತು. ಬಿರಟೆ ಅವಳ ಮನೆಯಲ್ಲೇ ಇತ್ತು, ಬಾಟಲಿಯೂ ಇತ್ತು, ಹತ್ತು ಹೆಜ್ಜೆಯ ಅಂಗಳ. ಹೋಗಲಿಲ್ಲ. ನಾಳೆ ಹೇಳೋಣ ಅಂದುಕೊಂಡಳು. ಮರುದಿನ, ಇನ್ನೇನು ಹೇಳುವುದು, ತಡವಾಯಿತು ಅಂದುಕೊಂಡಳು.

ಮೇಳಕ್ಕೆ ಮೂರು ನಾಲ್ಕು ದಿನ ಇರುವಾಗ ಸೆಲಿನ್ ಅಳುತ್ತಾ ಬಂದಳು. ಕೈಯಲ್ಲಿ ಒಂದು ಬಟ್ಟಲು, ಬಟ್ಟಲಿನಿಂದ ಮೂಗಿಗೆ ಹೊಡೆಯುವ ಹುಳಿ ವಾಸನೆ. "ಅಕ್ಕಾ, ಹಾಳ್ ಮಾಡ್ಬಿಟ್ಟೆ. ನೀವ್ ಹೇಳಿದ್ರಲ್ಲಿ ನಾನೇ ಏನೋ ಮರ್ತಿರ್ಬೇಕು. ನಿಮ್ಮ ಹೆಸರಿಗೆ ಕಳಂಕ ತಂದೆ."

ಕೇಳಿದಿರಾ? ತಪ್ಪು ತನ್ನದೇ ಅಂತ ಅವಳ ನಂಬಿಕೆ. ಬಾಯಮ್ಮ ಏನು ಮಾಡಿದಳು? ಅವಳ ಕಣ್ಣೊರೆಸಿದಳು. "ಅಳ್ಬೇಡ ಮಗಾ, ಮೊದಲನೇ ಸಲ ಎಲ್ಲರಿಗೂ ಹಾಗೇ," ಅಂದಳು. ಬೆನ್ನು ಸವರಿದಳು. ಆ ಕೈ ಬೆನ್ನು ಸವರುತ್ತಿರುವಾಗಲೇ ಎದೆ ತಣ್ಣಗಾಯಿತು. ಅಯ್ಯೋ, ಎಂಥ ತಂಪು ಅದು! ದೇವರೇ, ಆ ತಂಪು ನಮಗೆ ಯಾರಿಗೂ ಬೇಡ.

ಮುನ್ನಾದಿನ ಪೆರ್ಪೆತ್ ಅಜ್ಜಿ ಬಾಯಮ್ಮನ ಬಾಟಲಿಯ ಮೇಲೆಯೇ ಕೈಯಿಟ್ಟಳು. ಮರುದಿನ ವಿಗಾರ್ ಫಾದರ್ ಮೊದಲ ಲೋಟ ಎತ್ತಿದರು. ಬಾಯಮ್ಮ ಸೆರಗು ಸರಿಮಾಡಿಕೊಂಡು ಬೇರೆ ಕಡೆ ನೋಡುತ್ತಾ ನಿಂತಳು. ಆದರೆ ಆ ಬೇರೆ ಕಡೆಯಲ್ಲಿ ಏನು ಕಂಡಿತು? ಜನರೂ ಬೇರೆ ಕಡೆ ನೋಡುತ್ತಿದ್ದರು. ಫಾದರ್ ಕುಡಿದು ಮುಗಿಸುವ ಮೊದಲೇ ಅರ್ಧ ಮೈದಾನ ಮೂಗರಳಿಸಿ ಒಂದು ಮೂಲೆಗೆ ತಿರುಗಿತ್ತು. ಅಲ್ಲಿ ಸೆಲಿನ್, ಒಂದು ದೊಡ್ಡ ಪಾತ್ರೆಯ ಮುಚ್ಚಳ ತೆಗೆದಿದ್ದಳು. ಕಪ್ಪಗೆ, ಎಣ್ಣೆ ಬಿಟ್ಟುಕೊಂಡು, ಮೆಣಸಿನ ಘಮ ಹೊಡೆಯುವ ಹಂದಿ ಮಾಂಸ. ಪಕ್ಕದಲ್ಲಿ ಒಂದು ಕುಕ್ಕೆ ಅಕ್ಕಿ ಕಡುಬು.

ಸಾಲು ಹೇಗೆ ನಿಂತಿತು ಅಂದರೆ ಮೈದಾನದ ಗೇಟಿನವರೆಗೆ! ಬ್ಯಾಂಕಿನ ಮ್ಯಾನೇಜರು ನಿಂತರು, ಡಾಕ್ಟರು ನಿಂತರು. ಮೂರು ಸಲ ಸಾಲಿಗೆ ಬಂದವರ ಮುಖ ಸೆಲಿನ್‌ಗೆ ಗುರುತೇ ಸಿಕ್ಕಿತು. ಅವರಲ್ಲಿ ಒಬ್ಬರು ಯಾರು? ನಮ್ಮ ಪಾಸ್ಕಲ್ ಪೊರ್ಬುಗಳು! ಹೆಂಡತಿಯ ಮೇಜಿನ ಹಿಂದೆ ಕೂತಿದ್ದವರು ಮೆಲ್ಲಗೆ ಎದ್ದು, "ಈಗ ಬಂದೆ" ಅಂತ ಹೋದವರು ಬಾಯಿ ಒರೆಸಿಕೊಂಡೇ ಬಂದರು. ಬಾಯಮ್ಮನ ಮೇಜಿನ ಮುಂದೆ ಲೋಟಗಳ ಮೇಲೆ ನೊಣ ಓಡಿಸುವ ಕೆಲಸ ಮಾತ್ರ ಉಳಿಯಿತು. ಅವಳು ಮನಸ್ಸಿನಲ್ಲೇ, ಇಷ್ಟೆಲ್ಲ ಮಾಡಿದ ಮೇಲೂ ಇವಳೇ! ಅಂದುಕೊಂಡಳು. ಹೊಟ್ಟೆಕಿಚ್ಚಿನ ಗುಣವೇ ಅದು, ಎಷ್ಟು ತುಪ್ಪ ಸುರಿದರೂ ತಣಿಯುವುದಿಲ್ಲ.

ಸಂಜೆಯ ಹೊತ್ತಿಗೆ ಮೊದಲು ತಳ ಕಂಡದ್ದು ಸೆಲಿನ್‌ಳ ಪಾತ್ರೆಯೇ. ಮೇಳ ಮುಗಿಸುವ ಮುಂಚೆ ವಿಗಾರ್ ಫಾದರ್ ಅವಳನ್ನು ವೇದಿಕೆಗೆ ಕರೆದು ಮೈಕು ಕೊಟ್ಟರು. "ಇಂಥ ಹುಳಿ ನಾನು ಎಲ್ಲಿಯೂ ತಿಂದಿಲ್ಲ. ಇದರ ಗುಟ್ಟು ಏನಮ್ಮಾ?" ಅಂದರು.

ಸೆಲಿನ್ ನಾಚಿಕೊಂಡಳು. "ಗುಟ್ಟೇನಿಲ್ಲ ಫಾದರ್. ಇದು ನಾನ್ ಹಾಳ್ ಮಾಡಿದ ವೈನು. ಅಕ್ಕ ಎಷ್ಟು ಚೆನ್ನಾಗಿ ಹೇಳ್ಕೊಟ್ಟಿದ್ರು. ಸೋಸಿದ್ಮೇಲೆ ಮುಚ್ಬೇಡ, ಬಟ್ಟೆ ಮಾತ್ರ ಕಟ್ಟಿ ಒಲೆ ಪಕ್ಕ ಇಡು ಅಂದಿದ್ರು, ಹಾಗೇ ಇಟ್ಟೆ. ಆದ್ರೂ ಹುಳಿಯಾಯ್ತು. ನನ್ನ ಕೈಗುಣ ಸರಿಯಿಲ್ಲ, ಅಷ್ಟೇ. ಚೆಲ್ಲೋಕೆ ಹೋದಾಗ ವಾಸನೆ ನೋಡಿದ್ರೆ, ನಮ್ಮವ್ವ ಹಂದಿ ಸಾರಿಗೆ ಹಾಕೋ ಕಪ್ಪು ಹುಳಿ ನೆನಪಾಯ್ತು. ಕುದಿಸಿ ಗಟ್ಟಿ ಮಾಡಿ ಹಾಕ್ದೆ. ಇದಕ್ಕೇನಾದ್ರೂ ಹೆಸರು ಬಂದ್ರೆ ಅದು ಅಕ್ಕನಿಗೇ ಸೇರ್ಬೇಕು."

ಗಂಡಸರು ಚಪ್ಪಾಳೆ ತಟ್ಟಿದರು. ಪೊರ್ಬುಗಳು ಎಲ್ಲರಿಗಿಂತ ಜೋರಾಗಿ ತಟ್ಟಿದರು. ಹೆಂಗಸರು ತಟ್ಟಲಿಲ್ಲ. ಒಬ್ಬಳೂ ತಟ್ಟಲಿಲ್ಲ. ಸೋಸಿದ ವೈನನ್ನು ಒಲೆ ಪಕ್ಕ ತೆರೆದಿಡು ಅಂತ ಯಾವ ಗುರು ಹೇಳುತ್ತಾಳೆ? ಅವರೆಲ್ಲ ಮೊದಲು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಆಮೇಲೆ ಎಲ್ಲರೂ ಬಾಯಮ್ಮನ ಕಡೆ ತಿರುಗಿದರು. ಅವಳಿಗೆ ಕೂತ ಕುರ್ಚಿ ಬಿಸಿಯಾಯಿತು.

ಮುಂದಿನ ಸಾಲಿನಲ್ಲಿದ್ದ ಪೆರ್ಪೆತ್ ಅಜ್ಜಿ ಕೋಲಿನ ಮೇಲೆ ಗಲ್ಲವಿಟ್ಟುಕೊಂಡು ಕೇಳಿದಳು, "ಒಲೆ ಪಕ್ಕ ಇಡು ಅಂತ ಯಾರು ಹೇಳಿದ್ದು ಮಗಾ?"

"ಅಕ್ಕ," ಅಂದಳು ಸೆಲಿನ್. ಪ್ರೀತಿಯಿಂದಲೇ ಅಂದಳು.

ಈಗ, ನನ್ನ ಪ್ರಿಯರೇ, ಅಪೊಲಿನ್ ಬಾಯಮ್ಮನ ಮುಂದೆ ಎರಡು ದಾರಿ ಇದ್ದವು. ಎದ್ದು ನಿಂತು, "ಹೌದು, ನಾನೇ ಹೇಳಿದ್ದು, ಬೇಕಂತಲೇ ಹೇಳಿದ್ದು" ಅನ್ನುವುದು ಒಂದು ದಾರಿ. ಮುಖಕ್ಕೆ ಮಸಿ ಬೀಳುತ್ತಿತ್ತು, ನಿಜ. ಊರು ನಾಲ್ಕು ದಿನ ಆಡಿಕೊಳ್ಳುತ್ತಿತ್ತು, ನಿಜ. ಆದರೆ ಆಮೇಲೆ?

ಅವಳು ಎದ್ದಳು. ಎದ್ದು, "ಅಯ್ಯೋ, ನಾನು ಹಾಗೆ ಎಲ್ಲಿ ಹೇಳಿದೆ? ಬಿರಟೆ ಹಾಕಿ ಕತ್ತಲೆಯಲ್ಲಿಡು ಅಂದೆ. ಇವಳಿಗೆ ನಮ್ಮ ಮಾತು ಸರಿಯಾಗಿ ತಿಳಿಯುದಿಲ್ಲ, ಎಂತ ಕೇಳಿಸಿಕೊಂಡಳೋ ಎಂತೋ," ಅಂದಳು. ನಕ್ಕಳು ಕೂಡ.

ಮೈಕಿನ ಮುಂದೆ ಸೆಲಿನ್ ನಿಂತೇ ಇದ್ದಳು. ಒಲೆಯ ಮುಂದೆ ಬೆನ್ನು ತಿರುಗಿಸಿಕೊಂಡು ಹೇಳಿದ ಆ ಮಾತು ಅವಳಿಗೆ ನೆನಪಿರಲಿಲ್ಲವೇ? ಒಂದೊಂದು ಅಕ್ಷರವೂ ನೆನಪಿತ್ತು. ಅವಳು ಬಾಯಮ್ಮನನ್ನು ನೋಡಿದಳು. ನೋಡುತ್ತಾ ನೋಡುತ್ತಾ ಆ ಮುಖದಲ್ಲಿ ಎಲ್ಲ ತಿಳಿದದ್ದು ಬಾಯಮ್ಮನಿಗೆ ಕಾಣಿಸಿತು. ಒಂದು ಮಾತು ಆಡಿದ್ದರೆ ಸಾಕಿತ್ತು, ಊರೆಲ್ಲ ಅವಳ ಪಕ್ಷಕ್ಕೇ ನಿಲ್ಲುತ್ತಿತ್ತು.

"ಹೌದು," ಅಂದಳು ಸೆಲಿನ್. "ನಾನೇ ತಪ್ಪಾಗಿ ಕೇಳಿಸ್ಕೊಂಡಿರ್ಬೇಕು. ಬಾಯಮ್ಮನ ತಪ್ಪೇನಿಲ್ಲ."

ಬಾಯಮ್ಮ! ಅಕ್ಕ ಹೋಯಿತು. ಊರವರೆಲ್ಲ ಕರೆಯುವ ಹಾಗೆ, ಬಾಯಮ್ಮ.

ಮುಂದೆ ಏನಾಯಿತು ಅಂತ ಕೇಳುತ್ತೀರಿ. ಇಬ್ಬರೂ ತಬ್ಬಿಕೊಂಡು ಅತ್ತರು ಅಂತ ಹೇಳಲಿ ಅಂತ ನಿಮಗೆ ಆಸೆ, ನನಗೆ ಗೊತ್ತು. ಹಾಗೆ ಹೇಳಿದರೆ ನೀವು ಹಾಯಾಗಿ ಊಟಕ್ಕೆ ಹೋಗಬಹುದು. ಹೇಳುವುದಿಲ್ಲ. ಸೆಲಿನ್ ಜಗಳವಾಡಲಿಲ್ಲ, ಯಾರ ಹತ್ತಿರವೂ ದೂರಲಿಲ್ಲ. ತಿಂಗಳಾಗುವುದರೊಳಗೆ ಅವರು ಎರಡು ಬೀದಿ ಆಚೆ ಬೇರೆ ಬಿಡಾರ ನೋಡಿಕೊಂಡರು. ಹೋಗುವ ದಿನ ಆ ಹಳೆಯ ಭರಣಿಯನ್ನು ಉಜ್ಜಿ ತೊಳೆದು, ಬಿಸಿಲಲ್ಲಿ ಒಣಗಿಸಿ, ಹಿತ್ತಲ ಕಟ್ಟೆಯ ಮೇಲಿಟ್ಟು ಹೋದಳು. ಪೂಜೆಗೆ ಬಂದಾಗ ಸಿಕ್ಕರೆ ಕೈಮುಗಿಯುತ್ತಾಳೆ, ಆರೋಗ್ಯ ವಿಚಾರಿಸುತ್ತಾಳೆ, ಮುಂದೆ ಹೋಗುತ್ತಾಳೆ. ಮರ್ಯಾದೆಗೆ ಒಂದು ಚೂರೂ ಕಡಿಮೆಯಿಲ್ಲ. ಆ ಮರ್ಯಾದೆಯೇ ಬಾಯಮ್ಮನಿಗೆ ಚೂರಿ.

ಮೊದಲ ಲೋಟ? ಅದು ಅವಳದ್ದೇ. ಮರುವರ್ಷವೂ ಅವಳದ್ದೇ, ಅದರ ಮರುವರ್ಷವೂ ಅವಳದ್ದೇ. ಸೆಲಿನ್ ಮತ್ತೆ ವೈನ್ ಮಾಡಲಿಲ್ಲ, ಪೈಪೋಟಿಗೆ ಬೇರೆ ಯಾರಿದ್ದಾರೆ? ಮಧ್ಯಾಹ್ನ ಪೊರ್ಬುಗಳು ಊಟ ಮಾಡಿ ಮಲಗಿದರೆ ಆ ದೊಡ್ಡ ಮನೆಯಲ್ಲಿ ಮಾತಾಡುವವರಿಲ್ಲ. ಬಾಯಮ್ಮ ಈಗಲೂ ಅಡುಗೆಮನೆಯ ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತಾಳೆ. ಬಿಡಾರಕ್ಕೆ ಬೀಗ ಬಿದ್ದಿದೆ. ಸೆಲಿನ್ ಇರುವುದು ಎರಡು ಬೀದಿ ಆಚೆ, ಒಂದು ವೀಳ್ಯ ಜಗಿದು ಮುಗಿಸುವಷ್ಟರಲ್ಲಿ ನಡೆದು ಹೋಗಬಹುದು. ಬಾಯಮ್ಮ ಎಷ್ಟೋ ಸಲ ಚಪ್ಪಲಿ ಮೆಟ್ಟಿ ಗೇಟಿನವರೆಗೆ ಬಂದಿದ್ದಾಳೆ. ಇನ್ನೂ ಹೋಗಿಲ್ಲ.

ಕಥೆ ಇಷ್ಟೇ. ಈಗ ನಿಮ್ಮ ವಿಷಯಕ್ಕೆ ಬರೋಣ. ಯಾಕೆ ಮೈ ಸರಿಮಾಡಿಕೊಂಡು ಕೂರುತ್ತೀರಿ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು!

ಪಾಪನಿವೇದನೆಗೆ ಬರುವ ಮುಂಚೆ ನೀವು ಮನಸ್ಸಿನಲ್ಲಿ ಲೆಕ್ಕ ಹಾಕುತ್ತೀರಿ. ಕೋಪ ಮಾಡಿದೆ, ಸುಳ್ಳು ಹೇಳಿದೆ, ಪೂಜೆ ತಪ್ಪಿಸಿದೆ. ಹೊಟ್ಟೆಕಿಚ್ಚು ಆ ಲೆಕ್ಕಕ್ಕೆ ಬರುತ್ತದೆಯೇ? ಬರುವುದಿಲ್ಲ. ಯಾಕೆಂದರೆ ನಾವು ಯಾರಿಗೂ ವಿಷ ಹಾಕಿಲ್ಲವಲ್ಲ! ಕೊಲೆ ಮಾಡಿಲ್ಲವಲ್ಲ! ನಾವು ಮಾಡುವುದು ಬಹಳ ಸಣ್ಣದು. ಅಡುಗೆ ಕೇಳಿದ ಓರಗಿತ್ತಿಗೆ ಎಲ್ಲ ಹೇಳಿ ಕೊನೆಯ ಒಂದು ಸಾಮಾನು ಬಿಟ್ಟುಬಿಡುತ್ತೇವೆ. ಹೊಲಿಗೆ ಕಲಿಯಲು ಬಂದವಳಿಗೆ ರವಿಕೆಯ ಕುತ್ತಿಗೆ ಕತ್ತರಿಸುವಾಗ ಮಾತ್ರ "ಕಾಫಿ ಮಾಡಿಕೊಂಡು ಬಾ" ಅನ್ನುತ್ತೇವೆ. ಕೆಲಸಕ್ಕೆ ಅರ್ಜಿ ಕರೆದದ್ದನ್ನು ಗೆಳೆಯನಿಗೆ ಕೊನೆಯ ದಿನ ಕಳೆದ ಮೇಲೆ ಹೇಳಿ, "ಛೆ, ನಿನಗೆ ಗೊತ್ತಿರಲಿಲ್ವಾ?" ಅನ್ನುತ್ತೇವೆ. ದಾನದ ಮೇಜಿನ ಹಿಂದೆ ನಿಂತುಕೊಂಡೂ ಪಕ್ಕದ ಮೇಜಿನ ಸಾಲು ಉದ್ದವೋ ನಮ್ಮದು ಉದ್ದವೋ ಅಂತ ನೋಡುತ್ತೇವೆ. ಮುದುಕಿಯ ಅನ್ನಕ್ಕೆ ಯಾವ ಮೇಜಿನಿಂದ ಬಂದರೇನು, ಹೇಳಿ! ಅವಳ ಹೊಟ್ಟೆಗೆ ಅದು ಗೊತ್ತಾಗುತ್ತದೆಯೇ?

ಆದ್ದರಿಂದ ಇವತ್ತು ಹೀಗೆ ಮಾಡಿ. ಹೊರಗೆ ಹೋದ ಮೇಲೆ ನಿಮ್ಮ ಮೊದಲ ಕೂಪನ್ನನ್ನು ನೀವು ಯಾರನ್ನು ಕಂಡರೆ ಉರಿಯುತ್ತೀರೋ ಅವರ ಮೇಜಿಗೇ ಕೊಡಿ. ತಿಂದು, ಚೆನ್ನಾಗಿದ್ದರೆ ನಾಲ್ಕು ಜನರಿಗೆ ಕೇಳುವ ಹಾಗೆ ಚೆನ್ನಾಗಿದೆ ಅನ್ನಿ. "ಚೆನ್ನಾಗಿದೆ, ಆದರೆ" ಅನ್ನಬೇಡಿ. ಆ "ಆದರೆ"ಯನ್ನು ನುಂಗಿ, ಜೀರ್ಣವಾಗುತ್ತದೆ. ಮನೆಗೆ ಹೋದ ಮೇಲೆ, ನಾಳೆಯಿಂದ, ಯಾರಾದರೂ ಏನಾದರೂ ಕಲಿಸಿ ಅಂತ ಬಂದರೆ ಪೂರ್ತಿ ಕಲಿಸಿ. ಅವರು ನಿಮ್ಮನ್ನು ಮೀರಿಸಿದರೆ ಮೀರಿಸಲಿ. ಮೀರಿಸಿದವರು ನಿಮ್ಮನ್ನು ಬಿಟ್ಟು ಹೋಗುವುದಿಲ್ಲ, ಮೋಸಹೋದವರು ಹೋಗುತ್ತಾರೆ.

ಮತ್ತು ಈಗಾಗಲೇ ಯಾರಿಗಾದರೂ ಅರ್ಧ ಹೇಳಿ ಅರ್ಧ ಮುಚ್ಚಿಟ್ಟಿದ್ದರೆ, ಇನ್ನು ಸ್ವಲ್ಪ ಹೊತ್ತಿಗೆ ನಾನು ಇಲ್ಲಿಂದ "ಒಬ್ಬರಿಗೊಬ್ಬರು ಶಾಂತಿಯನ್ನು ಕೋರಿರಿ" ಅನ್ನುತ್ತೇನೆ. ಪ್ರತಿ ವಾರ ನೀವು ಎಡಕ್ಕೆ ತಿರುಗಿ ಗಂಡನಿಗೆ, ಬಲಕ್ಕೆ ತಿರುಗಿ ಮಗಳಿಗೆ ಕೈಮುಗಿದು ಮುಗಿಸಿಬಿಡುತ್ತೀರಿ. ಇವತ್ತು ಹಾಗೆ ಬಿಡುವುದಿಲ್ಲ. ಬೆಂಚು ಬಿಟ್ಟು ಎದ್ದು ಹೋಗಿ. ಆ ತುದಿಯಲ್ಲಿದ್ದರೆ ಆ ತುದಿಗೆ ಹೋಗಿ, ಹಿಂದೆ ಬಾಗಿಲಲ್ಲಿದ್ದರೆ ಅಲ್ಲಿಗೆ ಹೋಗಿ. ಹೋಗಿ, "ಅವತ್ತು ನಾನು ನಿನಗೆ ತಪ್ಪು ಹೇಳಿದ್ದೆ" ಅನ್ನಿ. ಜನ ನೋಡಿದರೆ ನೋಡಲಿ. ಅಡುಗೆ ಆರಿದರೆ ಆರಲಿ, ಬಿಸಿ ಮಾಡಿಕೊಂಡು ತಿನ್ನೋಣ. ನೀವು ಹೋಗಿ ಬರುವವರೆಗೆ ಪೂಜೆ ಮುಂದುವರಿಸದೆ ನಾನು ಇಲ್ಲೇ ನಿಂತಿರುತ್ತೇನೆ.